ಯಾರ ವಿರೋಧವೂ ಇಲ್ಲ

ಕೇಂಬ್ರಿಜ್
8 ಅಕ್ಟೋಬರ್ 1974

ಅಕ್ಕಾ,

ನೀನು ಕಳಿಸಿದ ವಾರಪತ್ರಿಕೆ ಬಂತು. ಪಾಟಿಂಜರಮ್ಮ ಓದಿ ಹೇಳಿದರು. ನಾನು "ಗಾಲಿಕುರ್ಚಿಯ ಋಷಿ" ಅಂತೆ. ನನ್ನ ಮನಸ್ಸು "ದೇಹವೆಂಬ ಪಂಜರ ಬಿಟ್ಟು ಹಾರಿದೆ" ಅಂತೆ. ಎಲ್ಲಿಗೂ ಹಾರಿಲ್ಲ, ಇಲ್ಲೇ ಇದೆ. ಬೆನ್ನು ಕಡಿಯುತ್ತಿದೆ, ತುರಿಸಿಕೊಳ್ಳಲು ಕೈ ಏಳುವುದಿಲ್ಲ. ಋಷಿಯ ಬೆನ್ನು ಕಡಿಯುವ ವಿಷಯ ಯಾವ ಪತ್ರಿಕೆಯವನೂ ಬರೆಯುವುದಿಲ್ಲ. ಕೇಳುತ್ತ ಕೇಳುತ್ತ ವಾಕರಿಕೆ ಬಂತು.

ನಾನು ಕಾಗದ ಬರೆಯುವುದು ಹೇಗೆ ಎಂದು ನಿನ್ನ ನೆರೆಯವಳು ಕೇಳಿದಳಂತೆ. ಹೇಳು. ಅಕ್ಷರದ ಹಲಗೆ ಇದೆ, ಐದು ಸಾಲು. ಪಾಟಿಂಜರಮ್ಮ ಒಂದೊಂದೇ ಸಾಲು ಕೂಗುತ್ತಾರೆ, ನನಗೆ ಬೇಕಾದದ್ದು ಬಂದಾಗ ಹುಬ್ಬೆತ್ತುತ್ತೇನೆ. ಆಮೇಲೆ ಆ ಸಾಲಿನ ಅಕ್ಷರ ಕೂಗುತ್ತಾರೆ, ಮತ್ತೆ ಹುಬ್ಬು. ಎತ್ತಿದರೆ ಹೌದು, ಎತ್ತದಿದ್ದರೆ ಇಲ್ಲ. ಮೈಯಲ್ಲಿ ಇನ್ನೂ ನನ್ನ ಮಾತು ಕೇಳುವುದು ಅದೊಂದೇ. ಅರ್ಧ ಪದ ಕೇಳಿ ಉಳಿದರ್ಧ ಊಹಿಸಿ ಬರೆಯಲು ಇಲ್ಲಿ ಯಾರಿಗೂ ಅಪ್ಪಣೆಯಿಲ್ಲ. ಈ ಕಾಗದಕ್ಕೆ ನಾಲ್ಕು ಬೆಳಗು ಹಿಡಿದಿದೆ.

ಸುದ್ದಿ ಒಂದೇ. ಪ್ಯಾಂಫ್ರಿ ಬಿಸ್ಕತ್ತಿನವರು ನಮ್ಮ ಕಾಲೇಜಿಗೆ ದೊಡ್ಡ ಕಟ್ಟಡ ಕಟ್ಟಿಸಿಕೊಡುತ್ತಾರಂತೆ, ಹೆಸರು ಕಾಲ್ವರ್ಟ್ ಭವನ. ಪ್ರತಿಯಾಗಿ ಅವರ ಕ್ರಿಸ್ಮಸ್ ಡಬ್ಬಿಯ ಮೇಲೆ ನನ್ನ ಮುಖ, ಹಿಂದೆ ನಕ್ಷತ್ರ. ನಾನು ಜೀವಮಾನದಲ್ಲಿ ನಕ್ಷತ್ರದ ತಂಟೆಗೆ ಹೋದವನಲ್ಲ. ಅತಿ ಚಳಿಯಲ್ಲಿ ಹೀಲಿಯಂ ಎಂಬ ದ್ರವ ಬಟ್ಟಲಿನ ಗೋಡೆ ಹತ್ತಿ ತಾನೇ ಹೊರಗಿಳಿಯುತ್ತದೆ, ಅದರ ಲೆಕ್ಕ ಬಿಡಿಸಿದವನು. ಆದರೆ ಬಿಸ್ಕತ್ತಿನವರಿಗೆ ನಕ್ಷತ್ರವೇ ಬೇಕು.

ಆಂಬ್ರೋಸ್

(ಬರೆದವಳು ವರ್ಲೀನ್ ಪಾಟಿಂಜರ್, ನರ್ಸು. ಅಮ್ಮಾ, ಪ್ರೊಫೆಸರ್ರಿಗೆ ಶೀತ ಇಲ್ಲ, ಊಟ ಸೇರುತ್ತಿದೆ. ಅಕ್ಕನಿಗೆ ಬರೆಯುವಾಗ ವಾಕರಿಕೆ ಅನ್ನೋ ಮಾತು ಯಾಕೆ, ತೆಗೆದುಬಿಡಲಾ ಅಂದೆ. ಹುಬ್ಬು ಏಳಲಿಲ್ಲ.)


ಸ್ವೇಲ್‌ಡೇಲ್
17 ಅಕ್ಟೋಬರ್ 1974

ತಮ್ಮಾ ಬ್ರೋಸ್,

ನಿನಗೆ ಹುಟ್ಟಿದಾಗಿನಿಂದ ಹೊಗಳಿಕೆ ಅಂದರೆ ಆಗದು. ಅಮ್ಮ ನಿನ್ನನ್ನು ಜಾಣ ಮರಿ ಅಂದರೆ ಮುಖ ಗಂಟಿಕ್ಕುತ್ತಿದ್ದೆ. ನಾವಿಲ್ಲಿ ಆ ವಾರಪತ್ರಿಕೆಯನ್ನು ಕೈಯಿಂದ ಕೈಗೆ ದಾಟಿಸಿ ಚಿಂದಿ ಮಾಡಿದ್ದೇವೆ. ಮಂಗಳವಾರ ಹಾಸ್ ಸಂತೆಗೆ ಟಗರು ಮಾರಲು ಹೋದಾಗ ಡೋರಾ ಕಿಯರ್ಟನ್ ಊರಿಗೆಲ್ಲ ಕೇಳುವ ಹಾಗೆ ಕೂಗಿದಳು. "ಬಿಸ್ಕತ್ತು ಡಬ್ಬಿ ಮೇಲೆ ರಾಣಿಯಮ್ಮನ್ನ ಬಿಟ್ರೆ ನಿನ್ ತಮ್ಮನೇ ಕಣೇ ಹೆಸ್ಟರ್! ನಂಗೊಂದು ಡಬ್ಬಿ ತೆಗೆದಿಡು, ಬಿಸ್ಕತ್ತು ಮುಗಿದ್ಮೇಲೆ ಗುಂಡಿ ಹಾಕಿಡ್ತೀನಿ." ನಾನು ನಕ್ಕೆ. ನೀನೂ ನಗು.

ನಿಮ್ಮ ಕಾಲೇಜಿನ ಮುಖ್ಯಸ್ಥರು, ಮಾಸ್ಟರು ಅನ್ನುತ್ತೀರಲ್ಲ, ಆ ಸರ್ ಪೆರಿಗ್ರಿನ್, ನನಗೂ ಕಾಗದ ಬರೆದಿದ್ದರು. ಎಂಥ ಕೈಬರಹ, ಎಂಥ ನಯ! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು. ನೀನು ಸಮುದ್ರದಂಡೆಯ ಮರಾಮ್ ಹೌಸ್ ಎಂಬ ಆರೈಕೆ ನಿಲಯಕ್ಕೆ ಹೋಗಲು ಒಪ್ಪಿದ್ದೀಯಂತೆ. ಸಭೆಯಲ್ಲಿ ಎಲ್ಲರೂ ಒಂದೇ ಮನಸ್ಸಿನಿಂದ ಒಪ್ಪಿದರಂತೆ, ನೀನೂ ಸೇರಿ. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆ ತೇವ ಹಿಡಿದ ಕೋಣೆಗಳಿಗಿಂತ ಸಮುದ್ರದ ಗಾಳಿ ಮೇಲಲ್ಲವೇ? ನನಗೆ ಯಾಕೆ ಹೇಳಲಿಲ್ಲ, ಕಳ್ಳ!

ಕಾಗದದ ಜೊತೆ ಇನ್ನೂ ಏನೇನೋ ಹಾಳೆ ಇದ್ದವು. ಆಮೇಲೆ ನೋಡುತ್ತೇನೆ. ಕುರಿಗಳಿಗೆ ಔಷಧದ ಸ್ನಾನ ಮಾಡಿಸುವುದಿದೆ.

ನಿನ್ನ
ಹೆಸ್ಟರ್


ಕೇಂಬ್ರಿಜ್
29 ಅಕ್ಟೋಬರ್ 1974

ಅಕ್ಕಾ,

ನಾನು ಯಾವುದಕ್ಕೂ ಒಪ್ಪಿಲ್ಲ.

ನಿನ್ನ ಕಾಗದ ಕೇಳಿದ ಮೇಲೆ ನಡಾವಳಿ ಪುಸ್ತಕ ತರಿಸಿ ಓದಿಸಿದೆ. ಇದೆ. "ಪ್ರೊ. ಕಾಲ್ವರ್ಟರ ಕೊಠಡಿಗಳಿರುವ ಸಾಲನ್ನು ಕೆಡವಿ ಕಾಲ್ವರ್ಟ್ ಭವನ ಕಟ್ಟುವುದು. ಅವರನ್ನು ಕ್ಷೇಮದ ದೃಷ್ಟಿಯಿಂದ ಮರಾಮ್ ಹೌಸಿಗೆ ಕಳಿಸುವುದು. ಯಾರ ವಿರೋಧವೂ ಇಲ್ಲ." ಆ ದಿನ ನಾನು ಸಭೆಯಲ್ಲೇ ಇದ್ದೆ. ವಿಷಯವನ್ನು ಅವರು ಬಾಯಿಬಿಟ್ಟು ಓದಲಿಲ್ಲ. ಮಾಸ್ಟರು "ಹತ್ತೊಂಬತ್ತನೆಯದು, ಹಂಚಿದ ಹಾಳೆಯಲ್ಲಿರೋ ಹಾಗೆ" ಅಂದರು. ಆ ಹಾಳೆ ನನ್ನ ತೊಡೆಯ ಮೇಲೆ ಮಗುಚಿ ಬಿದ್ದಿತ್ತು. ತಿರುಗಿಸಿ ತೋರಿಸುವವರಿರಲಿಲ್ಲ. ಸದಸ್ಯರ ಸಭೆಗೆ ಸದಸ್ಯರಲ್ಲದವರು ಕಾಲಿಡಬಾರದು ಎಂಬ ಕಟ್ಟಳೆ, ಪಾಟಿಂಜರಮ್ಮ ಬಾಗಿಲ ಹೊರಗೆ ಕೂತಿರುತ್ತಾರೆ.

ಇಲ್ಲಿ ಮತ ಹಾಕುವ ಪದ್ಧತಿಯೂ ಇಲ್ಲ. ಅದು ಅಸಭ್ಯ. ಮಾಸ್ಟರು "ವಿರೋಧ ಉಂಟೇ?" ಎನ್ನುತ್ತಾರೆ. ಹತ್ತು ಎಣಿಸುವಷ್ಟು ಕಾಯುತ್ತಾರೆ. ಯಾರೂ ಬಾಯಿ ತೆರೆಯದಿದ್ದರೆ ಎಲ್ಲರೂ ಒಪ್ಪಿದಂತೆ. ಮೌನಂ ಸಮ್ಮತಿ ಲಕ್ಷಣಂ. ನನ್ನ ಕಡೆ ತಿರುಗಿ ವಿಶೇಷವಾಗಿ ಒಂದು ನಗೆ ನಗುತ್ತಾರೆ, "ಥ್ಯಾಂಕ್ಯೂ ಪ್ರೊಫೆಸರ್" ಎನ್ನುತ್ತಾರೆ, ಮುಂದಿನದಕ್ಕೆ ಹೋಗುತ್ತಾರೆ. ನನ್ನ "ಇಲ್ಲ" ಎಂದರೆ ಹುಬ್ಬು ಎತ್ತದಿರುವುದು. ಅವರ "ಹೌದು" ಎಂದರೆ ಬಾಯಿ ತೆರೆಯದಿರುವುದು. ಮಾತು ನಿಂತ ಈ ಏಳು ವರ್ಷದಲ್ಲಿ ಕಾಲೇಜು ಮಾಡಿದ ಎಲ್ಲ ಹೊಲಸಿಗೂ ನನ್ನ ಒಪ್ಪಿಗೆ ಇದೆ. ಊಟದ ಮನೆಗೆ ಹಾಕಿದ್ದ ಇಳಿಜಾರು ಹಲಗೆ ನೋಡಲು ಚೆನ್ನಾಗಿಲ್ಲವೆಂದು ಕಿತ್ತು ಮೆಟ್ಟಿಲು ಮಾಡಿದರು. ಕಿತ್ತ ದಿನದಿಂದ ನಾನು ಅಲ್ಲಿ ಉಂಡಿಲ್ಲ. ಅದಕ್ಕೂ ನಾನು ಒಪ್ಪಿದ್ದೇನೆ. ಹೆಂಗಸರನ್ನು ಸೇರಿಸಬಾರದು ಎಂಬುದಕ್ಕೂ.

ಕೊಠಡಿ ಹೋದರೆ ಕೆಲಸ ಹೋಗುತ್ತದೆ. ಪಾಟಿಂಜರಮ್ಮ ಹೋಗುತ್ತಾರೆ, ಹಲಗೆ ಹೋಗುತ್ತದೆ. ಈಗ ತಲೆಯೊಳಗೆ ಹನ್ನೊಂದು ಹೆಜ್ಜೆಯ ಲೆಕ್ಕ ಇದೆ, ಎರಡು ಹೆಜ್ಜೆ ಮಾತ್ರ ಬರೆಸಿದ್ದೇನೆ. ಮರಾಮ್ ಹೌಸಿನಲ್ಲಿ ಅದನ್ನು ಬರೆದುಕೊಳ್ಳುವವರು ಯಾರೂ ಇಲ್ಲ. ನನ್ನ ಹೆಸರು ಬೇಕು, ಮುಖ ಬೇಕು, ಜೊಲ್ಲು ಸುರಿಸುವ ಮೈ ಬೇಡ.

ಒಂದೇ ದಾರಿ ಉಳಿದಿದೆ. ನನ್ನನ್ನು ಸಾಗಿಸಲು ರಕ್ತಸಂಬಂಧಿಯ ಸಹಿ ಬೇಕು. ಅದು ನೀನೊಬ್ಬಳೇ. ಸಹಿ ಹಾಕಬೇಡ.

ಆಂಬ್ರೋಸ್

(ಅಮ್ಮಾ, ಇದನ್ನು ಬರೆಸುವಾಗ ಅವರಿಗೆ ಬೆವರು ಹರಿಯಿತು. ಒಂಬತ್ತು ದಿನ ಹಿಡಿಯಿತು. ತಕ್ಷಣ ಉತ್ತರ ಬರೆಯಿರಿ. - ವ. ಪಾ.)


ಸ್ವೇಲ್‌ಡೇಲ್
16 ನವೆಂಬರ್ 1974

ತಮ್ಮಾ ಬ್ರೋಸ್,

ಬರೆಯುವುದು ತಡವಾಯಿತು, ಕೆಲಸವೋ ಕೆಲಸ. ಕೆಳಗಿನ ಹುಲ್ಲುಗಾವಲಿನ ಕುರಿಗಳಿಗೆ ಗೊರಸು ಕೊಳೆಯುವ ರೋಗ. ಒಂದೊಂದನ್ನೇ ಮಗುಚಿ ಹಾಕಿ ಗೊರಸು ಕೆತ್ತಬೇಕು. ಕೀವು, ನಾತ, ದೇವರೇ! ಡೋರಾಳ ಗಂಡ ಸಹಾಯಕ್ಕೆ ಬಂದವನು ಎರಡು ಕುರಿ ಕೆತ್ತಿ, "ಹೆಸ್ಟರಮ್ಮಾ, ನಂಗೆ ಬೆಳಿಗ್ಗೆ ತಿಂದ ಮೊಟ್ಟೆ ಮೇಲಕ್ಕೆ ಬರ್ತಿದೆ" ಅಂತ ಓಡಿಹೋದ. ನಾನು ಅರವತ್ತು ಕುರಿ ಮುಗಿಸಿದೆ. ನನಗೆ ಅಂಥದ್ದಕ್ಕೆಲ್ಲ ಹೇಸಿಗೆ ಇಲ್ಲ, ನಿನಗೆ ಗೊತ್ತಲ್ಲ.

ಮೇಲಿನ ಗುಡ್ಡದಲ್ಲಿ ಆಗಲೇ ಹಿಮ. ಪ್ರಾರ್ಥನಾಮಂದಿರದ ಒಲೆ ಕೆಟ್ಟಿದೆ, ಎಲ್ಲರೂ ಕೋಟು ಹಾಕಿಕೊಂಡೇ ಹಾಡುತ್ತೇವೆ. ಕ್ರಿಸ್ಮಸ್ ಕಡುಬಿಗೆ ಹಣ್ಣು ನೆನೆಹಾಕಿದ್ದೇನೆ.

ಮಾಸ್ಟರು ಒಳ್ಳೆಯವರಂತೆ ಕಾಣುತ್ತಾರೆ ಬ್ರೋಸ್. ದೊಡ್ಡವರು ನಾಲ್ಕು ಯೋಚಿಸಿಯೇ ಮಾಡಿರುತ್ತಾರೆ. ನಿನಗೆ ಮೊದಲಿನಿಂದಲೂ ಎಲ್ಲರ ಮೇಲೂ ಅನುಮಾನ.

ನಿನ್ನ
ಹೆಸ್ಟರ್


ಕೇಂಬ್ರಿಜ್
21 ನವೆಂಬರ್ 1974

ಅಕ್ಕಾ,

ಕುರಿಯ ಗೊರಸಿನ ಬಗ್ಗೆ ಒಂದು ಪುಟ ಬರೆದಿದ್ದೀಯ.

ಸಹಿ ಹಾಕಿದೆಯಾ?

ಆಂಬ್ರೋಸ್


ಸ್ವೇಲ್‌ಡೇಲ್
27 ನವೆಂಬರ್ 1974

ಬ್ರೋಸ್,

ಹಾಕಿದೆ. ನಿನ್ನ ಎರಡನೆಯ ಕಾಗದ ಬರುವ ಮೊದಲೇ ಹಾಕಿ ಅಂಚೆಗೂ ಕೊಟ್ಟಿದ್ದೆ. "ಆಮೇಲೆ ನೋಡುತ್ತೇನೆ" ಎಂದು ಬರೆದೆನಲ್ಲ, ಅಂದೇ ಮಧ್ಯಾಹ್ನ. ನಿನ್ನನ್ನು ಕೇಳಿದರೆ ಬೇಡ ಅನ್ನುತ್ತೀಯೇನೋ ಎಂಬ ಭಯಕ್ಕೇ ಬೇಗ ಹಾಕಿದೆ. ಈಗ ಇಷ್ಟು ಹೇಳಿದವಳು ಉಳಿದದ್ದನ್ನೂ ಹೇಳಿಬಿಡುತ್ತೇನೆ. ಪಾಟಿಂಜರಮ್ಮ ಓದುತ್ತಿದ್ದರೆ ಓದಲಿ, ಅವರೂ ಅಲ್ಲೇ ಇದ್ದರು.

ಕಳೆದ ಕ್ರಿಸ್ಮಸ್ಸಿಗೆ ನಿನ್ನಲ್ಲಿಗೆ ಬಂದಿದ್ದೆನಲ್ಲ. ಊಟದ ಹೊತ್ತಿಗೆ ಪಾಟಿಂಜರಮ್ಮ ನಿನಗೆ ಅರೆದ ಬಟಾಣಿ ತಿನ್ನಿಸುತ್ತಿದ್ದರು. ಕೆಮ್ಮು ಬಂತು. ಎಲ್ಲ ಹೊರಗೆ ಬಂತು, ಮೂಗಿನಿಂದಲೂ. ನನ್ನ ತೋಳಿನ ಮೇಲೆ ಬಿತ್ತು. ನಾನು ಎದ್ದು ಬಚ್ಚಲಿಗೆ ಹೋಗಿ ತೋಳನ್ನು ಮೂರು ಸಲ ಸೋಪು ಹಾಕಿ ತೊಳೆದೆ, ಅಲ್ಲೇ ವಾಂತಿ ಮಾಡಿಕೊಂಡೆ. ಕುರಿಯ ಬಸಿರೊಳಗೆ ಮೊಣಕೈ ತನಕ ಕೈ ಹಾಕಿ ಸತ್ತ ಮರಿ ಎಳೆದವಳು ನಾನು. ಒಡಹುಟ್ಟಿದವನ ಎಂಜಲಿಗೆ ಹೇಸಿದೆ. ಕುರಿಗೆ ಹುಷಾರಿಲ್ಲವೆಂದು ಡೋರಾ ತಂತಿ ಕೊಟ್ಟಿದ್ದಾಳೆ ಎಂದು ಸುಳ್ಳು ಹೇಳಿ ಮರುದಿನದ ರೈಲಿಗೆ ಹೊರಟೆ.

ಮಾಸ್ಟರ ಕಾಗದ ಬಂದಾಗ ನನಗೆ ಅನ್ನಿಸಿದ್ದು ಇಷ್ಟೇ: ಇನ್ನು ಅವನನ್ನು ನೋಡಿಕೊಳ್ಳಲು ಒಂದು ಜಾಗ ಇದೆ, ನಾನು ಹೋಗಬೇಕಾಗಿಲ್ಲ. ಅದನ್ನು ಸಮುದ್ರದ ಗಾಳಿ ಎಂದು ಕರೆದುಕೊಂಡೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಗೊರಸಿನ ಕೀವು ಇದರ ಮುಂದೆ ಗಂಧ.

ಸಹಿ ವಾಪಸು ತೆಗೆದುಕೊಳ್ಳಲು ಬರುತ್ತದೆಯೋ ಗೊತ್ತಿಲ್ಲ. ನೀನು ಒಂದು ಮಾತು ಬರೆ, ನಾಳೆಯೇ ಮಾಸ್ಟರಿಗೆ ಬರೆಯುತ್ತೇನೆ. ಬೈದು ಬರೆ.

ಹೆಸ್ಟರ್


ಮರಾಮ್ ಹೌಸ್
ನಾರ್ಫೋಕ್ ಕರಾವಳಿ
14 ಡಿಸೆಂಬರ್ 1974

ಪ್ರೀತಿಯ ಸಹೋದರಿ,

ಸಮುದ್ರದ ಮಧುರ ಜೋಗುಳ ಕೇಳುತ್ತ ಈ ಸಾಲುಗಳನ್ನು ಬರೆಸುತ್ತಿದ್ದೇನೆ. ಇಲ್ಲಿಗೆ ಬಂದು ಎರಡು ವಾರವಾಯಿತು. ನಾನು ಇಲ್ಲಿ ತುಂಬಾ ಸಂತೋಷವಾಗಿದ್ದೇನೆ. ಎಲ್ಲರೂ ಹೂವಿನಂತೆ ನೋಡಿಕೊಳ್ಳುತ್ತಾರೆ. ಸಂಜೆ ಕಿಟಕಿಯ ಬಳಿ ಕುಳಿತು ನನ್ನ ಪ್ರೀತಿಯ ನಕ್ಷತ್ರಗಳನ್ನು ನೋಡುವಾಗ ಮೈಯ ನೋವೆಲ್ಲ ಮರೆತು ಮನಸ್ಸು ಅನಂತದಲ್ಲಿ ವಿಹರಿಸುತ್ತದೆ.

ಕೆಲಸದ ಚಿಂತೆಯನ್ನು ಬಿಟ್ಟಿದ್ದೇನೆ. ಈ ಚಳಿಯಲ್ಲಿ ನೀನು ಬರುವ ಶ್ರಮ ತೆಗೆದುಕೊಳ್ಳಬೇಡ. ಇದರೊಂದಿಗೆ ಪ್ಯಾಂಫ್ರಿ ಬಿಸ್ಕತ್ತಿನ ಒಂದು ಡಬ್ಬಿ ಕಳಿಸಿದ್ದೇನೆ. ಎಲ್ಲರಿಗೂ ಕ್ರಿಸ್ಮಸ್ ಶುಭಾಶಯಗಳು.

ನಿನ್ನ ಅಕ್ಕರೆಯ ತಮ್ಮ
ಪ್ರೊ. ಆಂಬ್ರೋಸ್ ಕಾಲ್ವರ್ಟ್
(ಪರವಾಗಿ: ಸಿ. ಬ್ಲೆಂಕಿನ್‌ಸಾಪ್, ನಿಲಯದ ಕಾರ್ಯದರ್ಶಿ)


ಸ್ವೇಲ್‌ಡೇಲ್
17 ಡಿಸೆಂಬರ್ 1974

ಬ್ಲೆಂಕಿನ್‌ಸಾಪ್ ಅವರಿಗೆ,

ಈ ಲಕೋಟೆ ಒಡೆಯುವವರು ನೀವೇ ಎಂದು ಗೊತ್ತು, ಅದಕ್ಕೆ ನಿಮಗೇ ಬರೆಯುತ್ತಿದ್ದೇನೆ. ನನ್ನ ತಮ್ಮ ಹುಟ್ಟಿದ ಮೇಲೆ ನನ್ನನ್ನು ಪ್ರೀತಿಯ ಸಹೋದರಿ ಎಂದು ಕರೆದದ್ದಿಲ್ಲ. ಅವನು ನಕ್ಷತ್ರ ನೋಡುವವನೂ ಅಲ್ಲ. ನಿಮ್ಮ ಕಾಗದ ಓದಿ, ಬಿಸ್ಕತ್ತಿನ ಡಬ್ಬಿ ನೋಡಿ, ಎರಡನ್ನೂ ಹಂದಿಯ ಗೂಡಿಗೆ ಎಸೆದೆ. ಹಂದಿ ಬಿಸ್ಕತ್ತು ತಿಂದಿತು, ಕಾಗದ ಮೂಸಿ ಬಿಟ್ಟಿತು.

ನೀವು ಕೆಟ್ಟವರಲ್ಲದೆ ಇರಬಹುದು. ಪಾಪ, ಮಾತಾಡದವನ ಪರವಾಗಿ ನಾಲ್ಕು ಒಳ್ಳೆಯ ಮಾತು ಬರೆಯೋಣ ಎಂದುಕೊಂಡಿರಬಹುದು. ನಾನೂ ಹಾಗೇ ಒಳ್ಳೆಯವಳಾಗಿ ಸಹಿ ಹಾಕಿದೆ, ಅದರ ಫಲ ಇದು. ಸಹಿ ವಾಪಸು ತೆಗೆದುಕೊಂಡಿದ್ದೇನೆಂದು ಹಾಸ್ ಊರಿನ ವಕೀಲರ ಮೂಲಕ ನಿಮ್ಮ ನಿಲಯಕ್ಕೂ ಮಾಸ್ಟರಿಗೂ ಕಾಗದ ಹೋಗಿದೆ.

ಈಗ ಅವನ ಎದುರಿಗೆ ಕೂತು ಕೆಳಗಿನ ಮೂರು ಸಾಲನ್ನು ಗಟ್ಟಿಯಾಗಿ ಓದಿ. ಒಂದು ಮಾತೂ ಸೇರಿಸಬೇಡಿ.

ಬ್ರೋಸ್, ಶನಿವಾರ ಲ್ಯಾಂಡ್‌ರೋವರ್ ತೆಗೆದುಕೊಂಡು ಬರುತ್ತೇನೆ. ಕೇಂಬ್ರಿಜ್ಜಿನಲ್ಲಿ ಪಾಟಿಂಜರಮ್ಮನನ್ನೂ ಹಲಗೆಯನ್ನೂ ಹತ್ತಿಸಿಕೊಂಡು ಬರುತ್ತೇನೆ. ನಿನಗೆ ಬೇಕಾದರೆ ಹುಬ್ಬೆತ್ತು.

ಬ್ಲೆಂಕಿನ್‌ಸಾಪ್ ಅವರೇ, ಹುಬ್ಬು ಎದ್ದರೆ ಅವನ ಬಟ್ಟೆಬರೆ ಕಟ್ಟಿಡಿ.

ಹೆಸ್ಟರ್ ಆಲ್ಡರ್ಸನ್


ಕೇಂಬ್ರಿಜ್
9 ಜನವರಿ 1975

ಅಕ್ಕಾ,

ನೀನು ಇಳಿಸಿಹೋದ ಕೊಠಡಿಯಲ್ಲೇ ಇದ್ದೇನೆ. ಕೆಡವುವವರು ಕಿಟಕಿಗಳ ಮೇಲೆ ಸುಣ್ಣದಲ್ಲಿ ಗುರುತು ಹಾಕಿ ಹೋಗಿದ್ದಾರೆ.

ಮೂರು ವಾರ ಆ ನಿಲಯದಲ್ಲಿ ಒಬ್ಬರೂ ನನ್ನನ್ನು ಏನನ್ನೂ ಕೇಳಲಿಲ್ಲ. ಗಲ್ಲ ತಟ್ಟಿದರು. ಕ್ರಿಸ್ಮಸ್ ಹಾಡು ಹಾಡಿದರು. ಕುತ್ತಿಗೆಗೆ ಬಣ್ಣದ ಕಾಗದದ ಮಾಲೆ ಹಾಕಿದರು. ನಾನು ಲೆಕ್ಕದ ಹೆಜ್ಜೆಗಳನ್ನು ದಿನಕ್ಕೆ ನೂರು ಸಲ ತಲೆಯಲ್ಲಿ ಓದಿಕೊಂಡೆ. ಆದರೂ ನಾಲ್ಕು ಹೋದವು. ಅವನ್ನು ಮತ್ತೆ ಕಟ್ಟಲು ಬೇಸಿಗೆಯ ತನಕ ಬೇಕು.

ಜನವರಿ ಮೂವತ್ತಕ್ಕೆ ಸಭೆ. ಕಟ್ಟಡದ ಕರಾರಿಗೆ ಮೊಹರು ಒತ್ತುತ್ತಾರೆ. ಒತ್ತಿದರೆ ಗೋಡೆ ಬೀಳುತ್ತದೆ, ನಿನ್ನ ಸಹಿ ಇರಲಿ ಬಿಡಲಿ. ಸದಸ್ಯರಲ್ಲದವರು ಒಳಗೆ ಬರಬಾರದು. ಆದರೆ ಬಾಗಿಲು ಮುಚ್ಚಿರಬೇಕೆಂದು ಕಟ್ಟಳೆಯಲ್ಲಿ ಎಲ್ಲೂ ಇಲ್ಲ. ಎರಡು ಸಲ ಓದಿಸಿ ನೋಡಿದೆ. ಈ ಸಲ ನನ್ನ ಕುರ್ಚಿಯನ್ನು ಬಾಗಿಲಿಗೆ ಮುಖ ಮಾಡಿ ನಿಲ್ಲಿಸಲು ಹೇಳಿದ್ದೇನೆ. ಪಾಟಿಂಜರಮ್ಮ ಹೊಸ್ತಿಲ ಹೊರಗೆ ನಿಂತು ಹಲಗೆ ಓದುತ್ತಾರೆ. ಬಾಗಿಲು ಮುಚ್ಚದ ಹಾಗೆ ನೋಡಿಕೊಳ್ಳಲು ಒಬ್ಬರು ಬೇಕು.

ಬರುವಾಗ ಕೊಟ್ಟಿಗೆಯ ಬೂಟು ಹಾಕಿಕೊಂಡು ಬಾ.

ಆಂಬ್ರೋಸ್


ಸ್ವೇಲ್‌ಡೇಲ್
3 ಫೆಬ್ರವರಿ 1975

ಬ್ರೋಸ್,

ಮನೆ ಸೇರಿದೆ. ಗಬ್ಬದ ಕುರಿಗಳು ಚೆನ್ನಾಗಿವೆ. ಸಭೆಯಲ್ಲಿ ನೀನು ಬಾಗಿಲ ಕಡೆ ಮುಖ ಮಾಡಿ ಕೂತಿದ್ದೆ, ಕುತ್ತಿಗೆ ತಿರುಗುವುದಿಲ್ಲ. ನಿನ್ನ ಬೆನ್ನ ಹಿಂದೆ ಏನಾಯಿತು ಅಂತ ನೀನು ನೋಡಲಿಲ್ಲ. ನಾನು ನೋಡಿದೆ, ಅದನ್ನು ಬರೆಯುತ್ತೇನೆ.

ಮೊದಲಿಗೆ ಮಾಸ್ಟರು ಎದ್ದು ಬಂದರಲ್ಲ, "ಶ್ರೀಮತಿ ಆಲ್ಡರ್ಸನ್, ದಯವಿಟ್ಟು, ಇದು ಸದಸ್ಯರಿಗೆ ಮಾತ್ರ" ಅಂತ. ನಾನು, "ಒಳಗೆ ಬಂದಿಲ್ವಲ್ಲ ಸಾರ್, ಹೊಸ್ತಿಲಿಂದ ಈಚೆಗೇ ಇದ್ದೀನಿ. ಬಾಗಿಲು ಎಳೀಬೇಡಿ, ನನ್ನ ಕಾಲು ಅಡ್ಡ ಇದೆ" ಅಂದೆ. ಆ ಮನುಷ್ಯ ನನ್ನ ಬೂಟು ನೋಡಿದರು. ಅದರ ಸಗಣಿ ಅವರ ರತ್ನಗಂಬಳಿಗೆ ತಾಗಿತ್ತು. ಮೂಗು ಸುಕ್ಕಾಯಿತು, ಬಾಯಿ ಮಾತ್ರ ನಗುತ್ತಲೇ ಇತ್ತು.

ಆಮೇಲೆ "ಕರಾರಿಗೆ ವಿರೋಧ ಉಂಟೇ?" ಎಂದು ಕೇಳಿದರು. ಪಾಟಿಂಜರಮ್ಮ, ಚರ್ಚಿನಲ್ಲಿ ಹಾಡುವ ಗಂಟಲು ಅವರದ್ದು, "ಸಾಲು ಒಂದು! ಸಾಲು ಎರಡು!" ಎಂದು ಕೂಗಲು ಶುರು ಮಾಡಿದರು. ಇಪ್ಪತ್ತೆರಡು ಜನ ಬೆಚ್ಚಿಬಿದ್ದರು. ನೀನು "ಉಂಟು" ಅಂತ ಎರಡೇ ಅಕ್ಷರ ಹೇಳಿ ಮುಗಿಸುತ್ತೀಯ ಎಂದುಕೊಂಡಿದ್ದೆ. ಮಾಸ್ಟರೂ ಹಾಗೇ ಎಂದುಕೊಂಡಿರಬೇಕು. ಮೊದಲ ವಾಕ್ಯ ಬಂತು: "ಇದಕ್ಕೂ ಏಳು ವರ್ಷಗಳಲ್ಲಿ ನನ್ನ ಹೆಸರಲ್ಲಿ ಒಪ್ಪಿದ ಯಾವುದಕ್ಕೂ ನನ್ನ ಒಪ್ಪಿಗೆ ಇರಲಿಲ್ಲ. ಒಂದೊಂದನ್ನೇ ಹೇಳುತ್ತೇನೆ." ಅದಕ್ಕೇ ಕಾಲು ಗಂಟೆ ಹಿಡಿಯಿತು. ಆಗ ಅವರ ಮುಖ ನೋಡಬೇಕಿತ್ತು ನೀನು.

ಖಜಾಂಚಿ ಗಡಿಯಾರ ನೋಡಿ ಏಳಲು ಹೋದ. ಕಿಟಕಿ ಪಕ್ಕದ ತೊಂಬತ್ತರ ಮುದುಕರು, ಡಾಕ್ಟರ್ ಟ್ರೆಲೋರ್, ನಿದ್ದೆ ಮಾಡುತ್ತಿದ್ದಾರೆಂದು ನಾನು ತಿಳಿದಿದ್ದೆ. ಕೋಲು ಕುಟ್ಟಿ, "ಕೂತ್ಕೊಳ್ಳಯ್ಯಾ! ಸದಸ್ಯನೊಬ್ಬ ಮಾತಾಡ್ತಿರೋವಾಗ ಇನ್ನೊಬ್ಬ ಏಳೋ ಹಾಗಿಲ್ಲ. ನಾಲ್ಕನೇ ಕಟ್ಟಳೆ" ಅಂದರು. ಖಜಾಂಚಿ ಕೂತ. ಅಷ್ಟೇ ಬ್ರೋಸ್, ಆ ಮೇಲೆ ಒಬ್ಬರೂ ಏಳುವಂತಿರಲಿಲ್ಲ. ಎರಡು ಗಂಟೆ! ನಿನ್ನ ಜೊಲ್ಲು ಇಳಿದು ಟೈ ಮೇಲೆ, ಅಲ್ಲಿಂದ ತೊಡೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅವರಿಗೆ ನಿನ್ನ ಬೆನ್ನಷ್ಟೇ ಕಂಡರೂ, ಆ ಗೊರಗೊರ ಸದ್ದು ಎಲ್ಲರಿಗೂ ಕೇಳುತ್ತಿತ್ತು. ಒಬ್ಬ ಸೂರು ನೋಡಿದ. ಒಬ್ಬ ಉಗುರು ನೋಡಿಕೊಂಡ. ಊಟದ ಮನೆಯ ಮೆಟ್ಟಿಲಿನ ವಿಷಯ ಬಂದಾಗ ಮಾಸ್ಟರು, "ಪ್ರೊಫೆಸರ್ ಅವರ ಅಭಿಪ್ರಾಯ ಬಹುಶಃ..." ಎಂದು ಬಾಯಿ ಹಾಕಿದರು. ಪಾಟಿಂಜರಮ್ಮ ಕಣ್ಣು ಹಲಗೆಯಿಂದ ಕೀಳದೆಯೇ, "ಅವರ ಮಾತನ್ನ ಅವರೇ ಮುಗಿಸ್ತಾರೆ, ನೀವು ಸುಮ್ನಿರಿ" ಅಂದರು. ಊಟದ ಗಂಟೆ ಹೊಡೆಯಿತು. ಹುರಿದ ಕೋಳಿಯ ವಾಸನೆ ಬಂತು, ಹೋಯಿತು.

ನೀನು ಮುಗಿಸಿದಾಗ ಮಾಸ್ಟರು ಬಿಳಿಚಿಕೊಂಡು, "ಒಬ್ಬರ ವಿರೋಧ ದಾಖಲಾಗಲಿ. ಉಳಿದವರ ಒಪ್ಪಿಗೆ ಇದೆ" ಅಂದರು. ಮತ್ತೆ ಮುದುಕರ ಕೋಲು. "ವಿರೋಧ ಇದ್ರೆ ಕೈ ಎತ್ತಿಸಬೇಕು. ಒಪ್ಪಿದವರು ಎತ್ರಪ್ಪಾ, ನೋಡೋಣ." ನಾನು ಎಣಿಸಿದೆ ಬ್ರೋಸ್. ಮಾಸ್ಟರದ್ದೊಂದು, ಖಜಾಂಚಿಯದ್ದೊಂದು. ಉಳಿದವರೆಲ್ಲ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡು ನನ್ನ ಬೂಟು ನೋಡುತ್ತಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುತ್ತಿದ್ದ ಜನ, ಕೈ ಎತ್ತಿ ತೋರಿಸಿ ಅಂದಾಗ ನಾಚಿದರು. ಕರಾರು ಬಿದ್ದುಹೋಯಿತು.

ಇನ್ನೊಂದು ಮಾತು, ಸುಳ್ಳು ಹೇಳಬಾರದು ಎಂದು ಬರೆಯುತ್ತಿದ್ದೇನೆ. ಸಭೆ ಮುಗಿದು ನಿನ್ನ ಮುಖ ಒರೆಸಿದೆನಲ್ಲ, ಆಗಲೂ ನನಗೆ ಹೊಟ್ಟೆ ತೊಳಸಿತು. ಒರೆಸಿದೆ ಅಷ್ಟೇ. ಅದು ಹೋಗುತ್ತದೋ ಇಲ್ಲವೋ ತಿಳಿಯದು. ನಿನಗೆ ಆ ದಿನ ಖುಷಿಯಾಗಿರಬೇಕು. ಎಲ್ಲರೂ ಸುತ್ತ ನೆರೆದು ಭುಜ ತಟ್ಟುತ್ತಿದ್ದರು, ನಾನು ರೈಲಿಗೆ ಓಡಿದೆ. ಅವರೆಲ್ಲ ಏನೆಂದರು?

ಹೆಸ್ಟರ್


ಕೇಂಬ್ರಿಜ್
13 ಫೆಬ್ರವರಿ 1975

ಅಕ್ಕಾ,

ಹೊಟ್ಟೆ ತೊಳಸಲಿ. ನನಗೂ ನನ್ನ ಜೊಲ್ಲಿನ ವಾಸನೆ ಹಿಡಿಸುವುದಿಲ್ಲ. ಹಿಡಿಸುತ್ತದೆ ಎಂದು ನಟಿಸುವವರು ಇಲ್ಲಿ ಬೇಕಾದಷ್ಟು ಇದ್ದಾರೆ. ನೀನು ಮರಿಗಳು ಹುಟ್ಟಿದ ಮೇಲೆ ಬಾ.

ಕಳೆದುಹೋದ ನಾಲ್ಕು ಹೆಜ್ಜೆಗಳಲ್ಲಿ ಒಂದು ಸಿಕ್ಕಿದೆ.

ಅವರೇನೆಂದರು ಎಂದು ಕೇಳಿದ್ದೀಯ. ಅಂದಿನಿಂದ ದಿನಕ್ಕಿಬ್ಬರಂತೆ ಕೊಠಡಿಗೆ ಬರುತ್ತಿದ್ದಾರೆ. ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ, ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಇಳಿಜಾರು ಹಲಗೆ ಕೀಳಬಾರದಿತ್ತಂತೆ. ನನ್ನನ್ನು ಸಾಗಿಸಿದ್ದು ಅನ್ಯಾಯವಂತೆ. ಬಿಸ್ಕತ್ತಿನ ಡಬ್ಬಿ ಅಸಹ್ಯವಂತೆ. ಮನಸ್ಸಿನಲ್ಲಿ ಅವರು ಮೊದಲಿನಿಂದಲೂ ವಿರೋಧವೇ ಅಂತೆ. ಇವತ್ತಿಗೆ ಹತ್ತೊಂಬತ್ತು ಜನ ಆದರು. ಭುಜ ತಟ್ಟಿ, ಕಣ್ಣೊರೆಸಿಕೊಂಡು ಹೋಗುತ್ತಾರೆ. ಅವರು ಹೋದ ಮೇಲೆ ಪಾಟಿಂಜರಮ್ಮ ಕಿಟಕಿ ತೆರೆಯುತ್ತಾರೆ.

ನನಗಾದರೋ ಏಳು ವರ್ಷದಿಂದ ನಾಲಗೆ ಹೊರಳುವುದಿಲ್ಲ. ಇವರಿಗೇನು ದಾಡಿಯಾಗಿತ್ತು?

ಆಂಬ್ರೋಸ್